ಬೋರ್ಡಿನ ಮೇಲಿನ ಹೆಸರು

ಪರಸ್ಥಳದಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಅಂಗಡಿ ಬೋರ್ಡುಗಳನ್ನು ಓದುವ ಚಪಲ ತುಸು ಹೆಚ್ಚೆಂದೇ ಹೇಳಬೇಕು. ಮುಂಬಯಿಯ ಮಾಟುಂಗವಾಗಲಿ, ಚೆನ್ನೈನ ಮೈಲಾಪುರವಾಗಲಿ, 'ಉಡುಪಿ' ಎಂಬ ಮೂರಕ್ಷರ ಕಣ್ಣಿಗೆ ಬಿದ್ದರೆ ಸಾಕು, ಕಾಲು ತಾನಾಗಿ ಒಳಕ್ಕೆ ತಿರುಗುತ್ತದೆ. ಒಳಗೆ ಗಲ್ಲೆಯ ಮೇಲೆ ಕುಳಿತವರು ಉಡುಪಿಯವರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಕುಂದಾಪುರದವರಿರಬಹುದು, ಕಾರ್ಕಳದವರಿರಬಹುದು, ಒಮ್ಮೊಮ್ಮೆ ಕನ್ನಡದ ಗಂಧವೇ ಇಲ್ಲದವರೂ ಇರಬಹುದು. ಆದರೂ ಅಷ್ಟಮಠಗಳ ಊರಿನಿಂದ ಯಾರೂ ಬಂದು, "ನಮ್ಮ ಊರಿನ ಹೆಸರನ್ನು ಯಾರ ಅಪ್ಪಣೆಯಿಂದ ಹಾಕಿಕೊಂಡಿರಿ?" ಎಂದು ಕೇಳಿದ್ದನ್ನು ನಾವು ಕಾಣೆವು. ಇಡ್ಲಿ ಮೆತ್ತಗಿದ್ದರೆ ಹೆಸರಿಗೆ ಮರ್ಯಾದೆ, ಗಟ್ಟಿಯಾದರೆ ಆ ಹೋಟೆಲಿಗೆ ಮಾತ್ರ ನಷ್ಟ. ಊರಿನ ಹೆಸರಿಗೆ ಇಷ್ಟು ಔದಾರ್ಯವಿದೆ.

ಹೆಸರು ಊರಿನದಾಗಿರದೆ ಒಂದು ಕಂಪೆನಿಯದಾದಾಗ ಮಾತ್ರ ಔದಾರ್ಯ ಹಿಂದೆ ಸರಿದು ವಕೀಲರು ಮುಂದೆ ಬರುತ್ತಾರೆ. ಆ ಕಂಪೆನಿ ಕಡಲಾಚೆಯದಾಗಿದ್ದರಂತೂ ವ್ಯಾಜ್ಯ ಇನ್ನೂ ಸ್ವಾರಸ್ಯವಾಗುತ್ತದೆ. ಪುಣೆಯಲ್ಲಿ ನಡೆದ 'ಬರ್ಗರ್ ಕಿಂಗ್' ವ್ಯಾಜ್ಯವನ್ನು ಪತ್ರಿಕೆಗಳಲ್ಲಿ ಓದಿದಾಗಿನಿಂದ ಈ ವಿಷಯ ನಮ್ಮ ತಲೆಯನ್ನು ಕೊರೆಯುತ್ತಿದೆ. ವಾಚಕರಲ್ಲಿ ಹಲವರು ಅದನ್ನು ಬಲ್ಲರು. ಅರಿಯದವರಿಗಾಗಿ ಸಂಗ್ರಹವಾಗಿ ಹೇಳುತ್ತೇವೆ.

ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ 1954ರ ಸುಮಾರಿಗೆ ಬೆಳೆಯತೊಡಗಿದ ಬರ್ಗರ್ ಕಿಂಗ್ ಕಂಪೆನಿ ಭಾರತದಲ್ಲಿ ತನ್ನ ಹೆಸರನ್ನು 1979ರಲ್ಲಿ ನೋಂದಾಯಿಸಿತು. ಆದರೆ ದೆಹಲಿಯಲ್ಲಿ ತನ್ನ ಮೊದಲ ಮಳಿಗೆಯನ್ನು ತೆರೆದದ್ದು 2014ರ ನವೆಂಬರಿನಲ್ಲಿ. ಇತ್ತ ಪುಣೆಯಲ್ಲಿ ಒಂದು ಇರಾನಿ ಕುಟುಂಬ 1992ರ ಹೊತ್ತಿನಿಂದಲೇ ಅದೇ ಹೆಸರಿನ ಉಪಾಹಾರ ಗೃಹ ನಡೆಸುತ್ತಿತ್ತು. ಕಂಪೆನಿ 2011ರಲ್ಲಿ ಪುಣೆಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿ, ಹೆಸರನ್ನು ಬಿಡಿಸಿಕೊಡಬೇಕೆಂದೂ 20 ಲಕ್ಷ ರೂಪಾಯಿ ನಷ್ಟ ಕಟ್ಟಿಸಿಕೊಡಬೇಕೆಂದೂ ಕೇಳಿತು. ಹದಿಮೂರು ವರ್ಷಗಳ ಮೇಲೆ, 2024ರಲ್ಲಿ, ದಾವೆ ವಜಾ ಆಯಿತು. ಕಂಪೆನಿ ಈ ದೇಶದಲ್ಲಿ ಅಂಗಡಿ ಇಡುವುದಕ್ಕೆ ಎಷ್ಟೋ ಮೊದಲೇ ಪುಣೆಯವರು ಆ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದರು, ಗಿರಾಕಿಗಳು ಮೋಸಹೋದರೆಂಬುದಕ್ಕೆ ಪುರಾವೆಯಿಲ್ಲ, ಎಂಬುದು ಆ ತೀರ್ಪಿನ ಸಾರ.

ಸುದ್ದಿ ಓದಿದ ದಿನ ನಮ್ಮ ಮಿತ್ರವರ್ಗದಲ್ಲಿ ಹಬ್ಬದ ಸಂಭ್ರಮ. ಆನೆ ನಡೆದದ್ದೇ ದಾರಿ ಎನ್ನುವ ಲೋಕದಲ್ಲಿ ಆಡಿನ ಮರಿ ಅಡ್ಡ ನಿಂತು ಗೆದ್ದರೆ ಯಾರಿಗೆ ತಾನೆ ಸಂತೋಷವಾಗದು? ನಮ್ಮ ನೆರೆಯ ವಕೀಲ ಮಿತ್ರರೊಬ್ಬರು ಮಾತ್ರ ಎಲೆ ಅಡಿಕೆ ಹಾಕಿಕೊಳ್ಳುತ್ತ, "ರಾಯರೇ, ನೀವು ಕಥೆ ನೋಡುತ್ತೀರಿ, ಕೋರ್ಟು ಕಾಗದ ನೋಡುತ್ತದೆ. ಕಥೆ ಇನ್ನೂ ಮುಗಿದಿಲ್ಲ" ಎಂದರು. ಅವರ ಮಾತು ನಿಜವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿ ಹೈಕೋರ್ಟು, ಅಪೀಲು ಇತ್ಯರ್ಥವಾಗುವ ತನಕ ಪುಣೆಯವರು ಆ ಹೆಸರನ್ನು ಬಳಸಕೂಡದೆಂದು ತಡೆಯಾಜ್ಞೆ ಕೊಟ್ಟಿತು.

ಇಲ್ಲಿ ಕಾಯಿದೆಯ ಮಾತನ್ನು ಸ್ವಲ್ಪ ಆಡಬೇಕು. ಬೇಸರವಾದವರು ಎರಡು ಪ್ಯಾರಾ ದಾಟಿ ಓದಬಹುದು.

ಟ್ರೇಡ್ ಮಾರ್ಕಿನ ಹಕ್ಕು ನಮ್ಮ ಹಳ್ಳಿಯ ಹೊಲದ ಹಕ್ಕಿನಂತೆ. ಒಂದು ಊರಿನ ಪಹಣಿ ಹಿಡಿದುಕೊಂಡು ಮುಂದಿನ ಊರಿನ ಹೊಲದಲ್ಲಿ ನೇಗಿಲು ಹೂಡಲು ಬಾರದು. ಅಮೆರಿಕದಲ್ಲಿ ನೋಂದಾಯಿಸಿದ ಹೆಸರು ಅಮೆರಿಕಕ್ಕೆ, ಜಪಾನಿನದು ಜಪಾನಿಗೆ. ಆಯಾ ದೇಶದಲ್ಲಿ ಬೇರೆಯಾಗಿಯೇ ಪಹಣಿ ಮಾಡಿಸಬೇಕು. ಆದರೆ ಹೆಸರೆಂಬುದು ಹೊಲದಂತೆ ಇದ್ದಲ್ಲೇ ಬಿದ್ದಿರುವ ವಸ್ತುವಲ್ಲ. ಅದು ಸಿನಿಮಾದಲ್ಲಿ ಬರುತ್ತದೆ, ವಿಮಾನದಲ್ಲಿ ಬಂದಿಳಿದ ಮಾವನ ಮಗನ ಬಾಯಲ್ಲಿ ಬರುತ್ತದೆ, ಈಗ ಅಂಗೈಯೊಳಗಿನ ಫೋನಿನಲ್ಲೂ ಬರುತ್ತದೆ. ಆದ್ದರಿಂದ, ಬಹು ಪ್ರಸಿದ್ಧವಾದ ಹೆಸರಾದರೆ ನೋಂದಣಿ ಇಲ್ಲದ ದೇಶದಲ್ಲೂ ಅದಕ್ಕೆ ರಕ್ಷಣೆ ಕೊಡಬೇಕೆಂದು 1883ರ ಪ್ಯಾರಿಸ್ ಒಪ್ಪಂದಕ್ಕೆ ಮುಂದೆ ಒಂದು ವಿಧಿ ಸೇರಿತು. ಭಾರತ ಆ ಒಪ್ಪಂದದೊಳಕ್ಕೆ ಬಂದದ್ದು 1998ರಲ್ಲಿ.

ನಮ್ಮ 1999ರ ಕಾಯಿದೆ ಇನ್ನೊಂದು ಮಾತನ್ನೂ ಹೇಳುತ್ತದೆ. ನೋಂದಾಯಿಸಿದವನಿಗಿಂತ ಮೊದಲಿಂದ ಪ್ರಾಮಾಣಿಕವಾಗಿ ಬಳಸುತ್ತ ಬಂದವನನ್ನು ನೋಂದಣಿಯ ಬಲದಿಂದ ಒಕ್ಕಲೆಬ್ಬಿಸಕೂಡದು. ಐದು ವರ್ಷಕ್ಕೂ ಮೀರಿ ಬಳಸದೆ ಬಿಟ್ಟ ಹೆಸರನ್ನು ಬೇರೆಯವರು ಅರ್ಜಿ ಹಾಕಿ ಪಟ್ಟಿಯಿಂದ ತೆಗೆಸಲೂ ಬಹುದು. ಹಾಗೆ ನೋಡಿದರೆ ಬರ್ಗರ್ ಕಿಂಗ್ ಕಂಪೆನಿಯ 1979ರ ನೋಂದಣಿ, ಪಹಣಿ ಮಾಡಿಸಿ 35 ವರ್ಷ ಬೀಳು ಬಿಟ್ಟ ಹೊಲವಾಯಿತು. ಬೇರೊಬ್ಬರು ಅಲ್ಲಿ ಬಿತ್ತಿದರು, ಬೆಳೆದರು, ಮಕ್ಕಳನ್ನು ಓದಿಸಿದರು. ಆಮೇಲೆ ಪಹಣಿದಾರರು ಬಂದು ಹೊಲ ಬಿಡಿ ಎಂದರು.

ಆದರೆ ನ್ಯಾಯವಾಗಿ ಮಾತಾಡುವುದಾದರೆ ಬೀಳು ಬಿದ್ದದ್ದು ಪೂರಾ ಅವರ ಸೋಮಾರಿತನದಿಂದಲ್ಲ. 1991ಕ್ಕೆ ಮುಂಚೆ ಪರದೇಶದ ಕಂಪೆನಿಗಳಿಗೆ ಈ ದೇಶದ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಕೋಕಾ ಕೋಲಾದವರು 1977ರಲ್ಲಿ ಗಂಟುಮೂಟೆ ಕಟ್ಟಿ ಹೋದವರು 1993ರ ತನಕ ತಿರುಗಿ ಬರಲಿಲ್ಲ. ಬಾಗಿಲು ಮುಚ್ಚಿದವರೂ ನಾವೇ, ಒಳಗೆ ಬರಲಿಲ್ಲವೆಂದು ದೂರುವವರೂ ನಾವೇ ಆದರೆ ಹೇಗೆ? ಜೊತೆಗೆ ನಮ್ಮ ಮನಸ್ಸಿನಲ್ಲೇ ಒಂದು ಸಂಶಯ ಮೆಲ್ಲನೆ ತಲೆಯೆತ್ತುತ್ತದೆ. ವಡಾಪಾವಿನ ರಾಜ್ಯದಲ್ಲಿ 1992ರಲ್ಲಿ ಅಂಗಡಿ ಇಡುವಾಗ ಜಗತ್ತಿನಲ್ಲಿ ಇಷ್ಟೊಂದು ಹೆಸರುಗಳಿರಲು ಅದೇ ಹೆಸರು ನಾಲಗೆಗೆ ಬಂದದ್ದು ಹೇಗೆ? ಕಾಕತಾಳೀಯವಿದ್ದೀತು. 'ಕಿಂಗ್' ಎಂಬ ಪದವನ್ನು ನಮ್ಮ ದೇಶದಲ್ಲಿ ಬಾಳೆಹಣ್ಣಿನ ಗಾಡಿಗೂ ಬರೆದುಕೊಳ್ಳುತ್ತಾರೆ. ಒಬ್ಬರ ಮನಸ್ಸಿನೊಳಗೆ ಮೂವತ್ತು ವರ್ಷ ಹಿಂದೆ ಏನಿತ್ತೆಂದು ಹೇಳಲು ನಾವೇನು ಅಂತರ್ಯಾಮಿಗಳೇ?

ಇದೇ ಕಂಪೆನಿ ಇದೇ ಹೆಸರಿಗಾಗಿ ಬೇರೆ ಕಡೆಗಳಲ್ಲೂ ಗುದ್ದಾಡಿದೆ. ಆ ಕಥೆಗಳನ್ನು ಓದಿದಾಗ ನಮಗೆ ಪುಣೆಯ ಕಥೆ ಇನ್ನಷ್ಟು ಚೆನ್ನಾಗಿ ತಿಳಿಯಿತು.

ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಮಟೂನ್ ಎಂಬ ಸಣ್ಣ ಊರಿದೆ. ಅಲ್ಲಿ ಹೂಟ್ಸ್ ಎಂಬ ದಂಪತಿಗೆ 1950ರ ದಶಕದಲ್ಲಿ ಒಂದು ಐಸ್‌ಕ್ರೀಮ್ ಅಂಗಡಿಯಿತ್ತು. ಅದರ ಹೆಸರು 'ಫ್ರಿಜಿಡ್ ಕ್ವೀನ್', ನಮ್ಮ ಮಾತಿನಲ್ಲಿ ಶೀತಲ ರಾಣಿ. ಬರ್ಗರ್ ಮಾರತೊಡಗಿದಾಗ, ರಾಣಿ ಇದ್ದ ಮೇಲೆ ರಾಜನೊಬ್ಬ ಬೇಡವೇ ಎಂದುಕೊಂಡು 'ಬರ್ಗರ್ ಕಿಂಗ್' ಎಂದು ಹೆಸರಿಟ್ಟರು. ಫ್ಲಾರಿಡಾದ ರಾಜನ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. 1959ರಲ್ಲಿ ತಮ್ಮ ಪ್ರಾಂತದಲ್ಲಿ ನೋಂದಣಿಯನ್ನೂ ಮಾಡಿಸಿದರು. ದೊಡ್ಡ ಕಂಪೆನಿಗೆ ಇಡೀ ದೇಶದ ನೋಂದಣಿ ದೊರೆತದ್ದು 1961ರಲ್ಲಿ. ವ್ಯಾಜ್ಯ ಮೇಲಿನ ನ್ಯಾಯಾಲಯಕ್ಕೆ ಹೋಗಿ 1968ರಲ್ಲಿ ತೀರ್ಮಾನವಾಯಿತು. ಮಟೂನಿನ ಸುತ್ತ 20 ಮೈಲಿಯೊಳಗೆ ಹೆಸರು ಹೂಟ್ಸ್ ದಂಪತಿಯದು, ಆಚೆಗೆಲ್ಲ ಕಂಪೆನಿಯದು. ಪಾಳೆಯಗಾರರ ಕಾಲದ ಗಡಿ ಕಲ್ಲು ನೆಟ್ಟಂತೆ! ದೊಡ್ಡ ರಾಜನಿಗೆ ದೇಶವೆಲ್ಲ ಸಿಕ್ಕಿತು, ಚಿಕ್ಕ ರಾಜನಿಗೆ ತನ್ನ ಹೋಬಳಿ ಉಳಿಯಿತು. ನಮಗೆ ಈ ತೀರ್ಪಿನಷ್ಟು ಮನಸ್ಸಿಗೆ ಒಪ್ಪಿದ್ದು ಬೇರೆ ಯಾವುದೂ ಇಲ್ಲ. ಮೊದಲು ಬಂದವನ ದುಡಿಮೆಗೂ ಬೆಲೆ ಬಂತು, ದೊಡ್ಡವನ ಬೆಳವಣಿಗೆಗೂ ಅಡ್ಡಿಯಾಗಲಿಲ್ಲ.

ಆಸ್ಟ್ರೇಲಿಯಾದ ಕಥೆ ಮತ್ತೊಂದು ಬಗೆಯದು. 1971ರಲ್ಲಿ ಜ್ಯಾಕ್ ಕೋವಿನ್ ಎಂಬ ಉದ್ಯಮಿ ಕಂಪೆನಿಯ ಪರವಾನಗಿ ಪಡೆದು ಅಲ್ಲಿ ಅಂಗಡಿ ತೆರೆಯಹೊರಟರೆ, ಅಡಿಲೇಡಿನ ಒಂದು ಸಣ್ಣ ಅಂಗಡಿಯವರು ಆ ಹೆಸರನ್ನು ಆಗಲೇ ನೋಂದಾಯಿಸಿಕೊಂಡಿದ್ದರು. ಕಂಪೆನಿ ಆಗ ಪಿಲ್ಸ್‌ಬರಿ ಎಂಬ ಹಿಟ್ಟಿನ ವ್ಯಾಪಾರಿಗಳ ಕೈಯಲ್ಲಿತ್ತು. ಅವರ ಬಳಿ ಬಿದ್ದಿದ್ದ ಹೆಸರುಗಳ ಪಟ್ಟಿ ತೆಗೆದು ನೋಡಿ, ಒಂದು ಬಗೆಯ ದೋಸೆಹಿಟ್ಟಿಗೆ ಇಟ್ಟಿದ್ದ 'ಹಂಗ್ರಿ ಜ್ಯಾಕ್' ಎಂಬುದನ್ನು ಆರಿಸಿಕೊಂಡರು. ಅಂದಿನಿಂದ ಆ ಖಂಡದಲ್ಲಿ ಅದೇ ಬರ್ಗರಿಗೆ 'ಹಂಗ್ರಿ ಜ್ಯಾಕ್ಸ್' ಎಂಬ ನಾಮಕರಣ. ಹೆಸರಿಲ್ಲದೆಯೂ ವ್ಯಾಪಾರ ಕುದುರಿತೆಂಬುದನ್ನು ಗಮನಿಸಬೇಕು. ಕೊನೆಗೆ ಬರ್ಗರಿನ ರುಚಿಯೇ ಮಾತಾಡಿತು ಅಷ್ಟೆ. ಮುಂದೆ 1990ರ ದಶಕದಲ್ಲಿ ಹಳೆಯ ನೋಂದಣಿ ತೀರಿಹೋದಾಗ, ಕಂಪೆನಿ ತನ್ನ ಸ್ವಂತ ಹೆಸರಿನಲ್ಲಿ ಅಂಗಡಿಗಳನ್ನು ತೆರೆಯುತ್ತ, ಇಪ್ಪತ್ತೈದು ವರ್ಷ ತನಗೆ ದುಡಿದುಕೊಟ್ಟ ಕೋವಿನ್ನರನ್ನೇ ಹೊರದೂಡುವ ಹಂಚಿಕೆ ಮಾಡಿತು. ಆಗ ವಾದಿಯಾದವರು ಕೋವಿನ್ನರು. ನ್ಯೂ ಸೌತ್ ವೇಲ್ಸಿನ ಅಪೀಲು ನ್ಯಾಯಾಲಯ 2001ರಲ್ಲಿ, ಕಂಪೆನಿ ಕರಾರನ್ನು ಸದ್ಭಾವದಿಂದ ನಡೆಸಲಿಲ್ಲವೆಂದು ತೀರ್ಮಾನಿಸಿತು. ವ್ಯಾಪಾರದ ಕರಾರಿನಲ್ಲಿ 'ಸದ್ಭಾವ' ಎಂಬ ಮಾತು ನ್ಯಾಯಾಧೀಶರ ಬಾಯಲ್ಲಿ ಬಂದದ್ದನ್ನು ಓದಿ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಇಷ್ಟು ಓದಿ ಪರದೇಶದ ಕಂಪೆನಿಗಳೆಲ್ಲ ದುಷ್ಟರು, ನಮ್ಮವರೆಲ್ಲ ಸಾಧುಗಳು ಎಂದು ಯಾರಾದರೂ ತೀರ್ಮಾನಿಸಿಬಿಟ್ಟಾರು. ಹಾಗಿಲ್ಲ. 'ವರ್ಲ್‌ಪೂಲ್' ಬಟ್ಟೆ ಒಗೆಯುವ ಯಂತ್ರದ ವ್ಯಾಜ್ಯವನ್ನು ನೋಡಿ. ಅಮೆರಿಕದ ಆ ಕಂಪೆನಿ 1950ರ ದಶಕದಲ್ಲೇ ಇಲ್ಲಿ ನೋಂದಾಯಿಸಿತ್ತು, 1977ರಲ್ಲಿ ನವೀಕರಿಸದೆ ಬಿಟ್ಟಿತು. 1986ರಲ್ಲಿ ಇಲ್ಲಿಯ ಕೆಲವರು ಅದೇ ಹೆಸರಿಗೆ, ಅದೇ ಯಂತ್ರಕ್ಕೆ ಅರ್ಜಿ ಹಾಕಿದರು. 1996ರಲ್ಲಿ ಸುಪ್ರೀಂ ಕೋರ್ಟು ಅಮೆರಿಕದವರ ಪಕ್ಷವನ್ನು ಎತ್ತಿಹಿಡಿಯಿತು. ಇಲ್ಲಿ ಅಂಗಡಿ ಇಲ್ಲದಿದ್ದರೂ ಪತ್ರಿಕೆಗಳ ಜಾಹೀರಾತಿನ ಮೂಲಕ ಹೆಸರು ಗಡಿ ದಾಟಿ ಬಂದಿದೆ, ಅಲ್ಲದೆ ಇಲ್ಲಿಯವರು ಆ ಹೆಸರನ್ನೇ ಏಕೆ ಆರಿಸಿಕೊಂಡರೆಂಬುದಕ್ಕೆ ಒಪ್ಪುವಂಥ ಸಮಾಧಾನ ಹೇಳಲಿಲ್ಲ ಎಂದಿತು. ಬಟ್ಟೆ ಒಗೆಯುವ ಯಂತ್ರಕ್ಕೆ 'ನೀರಿನ ಸುಳಿ' ಎಂದು ತಮಗೇ ಹೊಳೆಯಿತೆಂದು ಹೇಳಿದರೆ ನಮ್ಮ ಮನೆಯ ಮಕ್ಕಳೂ ನಂಬರು.

'ಪ್ರಿಯಸ್' ವ್ಯಾಜ್ಯದಲ್ಲಿ ತಕ್ಕಡಿ ಇತ್ತ ವಾಲಿತು. ಬಿಡದಿಯಲ್ಲಿ ಕಾರ್ಖಾನೆಯಿರುವುದರಿಂದ ನಮಗೆ ಟೊಯೋಟಾ ಅಪರಿಚಿತವಲ್ಲ. ಅವರ ಪ್ರಿಯಸ್ ಎಂಬ ಕಾರು 1997ರಲ್ಲಿ ಜಪಾನಿನಲ್ಲಿ ಹೊರಬಂತು. ಇಲ್ಲಿ ವಾಹನಗಳ ಬಿಡಿಭಾಗ ಮಾಡುವವರೊಬ್ಬರು 2001ರಿಂದ ಅದೇ ಹೆಸರನ್ನು ಬಳಸತೊಡಗಿದರು. ಕ್ರೋಮ್ ಲೇಪದ ಕೆಲಸದಲ್ಲಿ ಇದು ತಮ್ಮ 'ಪಹಲಾ ಪ್ರಯಾಸ್', ಎಂದರೆ ಮೊದಲ ಪ್ರಯತ್ನ, ಅದರಿಂದಲೇ ಪ್ರಿಯಸ್ ಬಂತೆಂದು ಅವರ ವಿವರಣೆ! ಈ ವ್ಯುತ್ಪತ್ತಿಯನ್ನು ಕೇಳಿದರೆ ನಮ್ಮ ಕೇಶಿರಾಜನೇ ಬೆರಗಾಗುತ್ತಿದ್ದನು. ಟೊಯೋಟಾ 2009ರಲ್ಲಿ ದಾವೆ ಹೂಡಿತು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಈಗ ಪ್ರಸಿದ್ಧವಾಗಿರುವುದು ಮುಖ್ಯವಲ್ಲ, 2001ರಲ್ಲಿ ಭಾರತದ ಜನಕ್ಕೆ ಆ ಕಾರು ಗೊತ್ತಿತ್ತೇ ಎಂದು ಕೇಳಿತು. ಸಾಕಷ್ಟು ಪುರಾವೆಯಿಲ್ಲವಾಗಿ ಪ್ರಿಯಸ್ ಹೆಸರಿನ ಮಟ್ಟಿಗೆ ಟೊಯೋಟಾ ಸೋತಿತು. ವ್ಯುತ್ಪತ್ತಿ ಹೇಗೇ ಇರಲಿ, ಕೇಳಿದ ಪ್ರಶ್ನೆ ಸರಿಯಾದದ್ದೆಂದು ನಮ್ಮ ಅಭಿಪ್ರಾಯ. ಇಂದಿನ ಕೀರ್ತಿಯ ದೀಪ ಹಿಡಿದು ನಿನ್ನೆಯ ಕಳ್ಳನನ್ನು ಹುಡುಕುವುದು ನ್ಯಾಯವಲ್ಲ.

ಕಣ್ಣಿನ ಔಷಧವೊಂದರ ಹೆಸರಿನ ಮೇಲೆ ಬಂದ ಮತ್ತೊಂದು ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತು ನೆನಪಿಡತಕ್ಕದ್ದು. ಔಷಧದ ವಿಷಯದಲ್ಲಿ ಗೊಂದಲವಾದರೆ ಜೀವಕ್ಕೆ ಅಪಾಯ. ಆದ್ದರಿಂದ ಜಗತ್ತಿನಲ್ಲಿ ಮೊದಲು ಪೇಟೆಗೆ ಬಂದವರು ಯಾರೆಂದು ನೋಡಬೇಕು. ಆದರೆ ಭಾರತಕ್ಕೆ ಬರುವ ಉದ್ದೇಶವೇ ಇಲ್ಲದ ಬಹುರಾಷ್ಟ್ರೀಯ ಕಂಪೆನಿಗಳು, ಪ್ರಾಮಾಣಿಕವಾಗಿ ಹೆಸರಿಟ್ಟು ಮೊದಲು ಪೇಟೆಗೆ ಬಂದ ಇಲ್ಲಿಯವರ ಕತ್ತು ಹಿಸುಕಲು ಅವಕಾಶ ಕೊಡಬಾರದು. ಹೀಗೆ ಎರಡೂ ಕಡೆಯ ಮಾತನ್ನು ಅದು ಒಂದೇ ಉಸಿರಿನಲ್ಲಿ ಆಡಿತು.

ಆದರೆ ಈ ಮಾತುಗಳೆಲ್ಲ ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲವರಿಗೆ. ಹತ್ತಲಾರದವರ ಗತಿಯೇನು?

ನಮ್ಮ ಷಡ್ಡಕರೊಬ್ಬರು ಸೊಲ್ಲಾಪುರದಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಮೊದಲು ಒಳಕಲ್ಲಿನಲ್ಲಿ ಕುಟ್ಟಿ ನೆರೆಹೊರೆಗೆ ಕೊಡುತ್ತಿದ್ದವರು ಅವರ ತಾಯಿ. ವ್ಯಾಪಾರ ಬೆಳೆದ ಮೇಲೆ ಮಗ ಪೊಟ್ಟಣದ ಮೇಲೆ ತಾಯಿಯ ಹೆಸರನ್ನೇ ಅಚ್ಚು ಹಾಕಿಸಿದರು. ನಾಲ್ಕಾರು ವರ್ಷಗಳ ಹಿಂದೆ ಪರದೇಶದ ಮೂಲದ ಒಂದು ದೊಡ್ಡ ಕಂಪೆನಿಯ ಪರವಾಗಿ ದೆಹಲಿಯ ವಕೀಲರಿಂದ ಇಂಗ್ಲಿಷಿನಲ್ಲಿ ಹನ್ನೊಂದು ಪುಟದ ನೋಟೀಸು ಬಂತು. ಆ ಹೆಸರು ತಮ್ಮ ಕಕ್ಷಿಗಾರರ ಹೆಸರನ್ನು ಹೋಲುತ್ತದೆ, ಹದಿನೈದು ದಿನಗಳೊಳಗೆ ಪೊಟ್ಟಣಗಳನ್ನೆಲ್ಲ ನಾಶಮಾಡಬೇಕು, ತಪ್ಪಿದರೆ ನಷ್ಟ ಕಟ್ಟಿಕೊಡಬೇಕು, ಎಂದಿತ್ತು. ಕಂಪೆನಿಯ ಹೆಸರನ್ನಾಗಲಿ ಪುಡಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದು ಉಚಿತವಲ್ಲ. ಆ ಕಂಪೆನಿ ಚಟ್ನಿಪುಡಿಯನ್ನಂತೂ ಮಾರುವುದಿಲ್ಲ. ಷಡ್ಡಕರು ಸೊಲ್ಲಾಪುರದ ವಕೀಲರನ್ನು ಕೇಳಿದರು. ದೆಹಲಿಗೆ ಹೋಗಿಬರುವ ಖರ್ಚು, ಶುಲ್ಕ ಎಲ್ಲ ಲೆಕ್ಕ ಹಾಕಿದರೆ ಎರಡು ವರ್ಷದ ಲಾಭ ಅಲ್ಲಿಗೇ ತೀರುತ್ತಿತ್ತು. ಅವರು ಹೆಸರು ಬದಲಾಯಿಸಿದರು. ಹಳೆಯ ಪೊಟ್ಟಣಗಳನ್ನು ಹಿತ್ತಲಲ್ಲಿ ಸುಡುವಾಗ ಎಂಬತ್ತು ದಾಟಿದ ಆ ತಾಯಿ ಬಾಗಿಲಲ್ಲಿ ನಿಂತು, "ನನ್ ಹೆಸರು ನಾ ಇಟ್ಕೊಳ್ಳಾಕೂ ಪರವಾನಗಿ ಬೇಕಾತೇನೋ ತಮ್ಮಾ?" ಎಂದರಂತೆ.

ಇದನ್ನು ನಮ್ಮ ವಕೀಲ ಮಿತ್ರರಿಗೆ ಹೇಳಿದಾಗ ಅವರು ಎಲೆಯ ತೊಟ್ಟು ಮುರಿಯುವುದನ್ನು ನಿಲ್ಲಿಸಿದರು. "ಸ್ವಂತ ಹೆಸರನ್ನಾಗಲಿ, ವ್ಯಾಪಾರದಲ್ಲಿ ತನಗಿಂತ ಹಿಂದಿನವರ ಹೆಸರನ್ನಾಗಲಿ ಪ್ರಾಮಾಣಿಕವಾಗಿ ಬಳಸುವವನನ್ನು ತಡೆಯಲಾಗದೆಂದು ಕಾಯಿದೆಯಲ್ಲೇ ಇದೆ ರಾಯರೇ. 35ನೆಯ ಕಲಮು. ಪುಡಿ ಕುಟ್ಟಲು ಶುರುಮಾಡಿದವರು ಆ ತಾಯಿಯೇ ತಾನೆ? ಒಂದು ಉತ್ತರ ಬರೆದಿದ್ದರೆ ಅರ್ಧ ನೋಟೀಸುಗಳು ಅಲ್ಲಿಗೇ ತಣ್ಣಗಾಗುತ್ತವೆ" ಎಂದರು. ನೋಟೀಸು ಕಳಿಸಿದವರಿಗೂ ಆ ಕಲಮು ಗೊತ್ತಿರಲೇಬೇಕಲ್ಲ! ಎದುರಿನವನಿಗೆ ಗೊತ್ತಿಲ್ಲವೆಂಬ ಭರವಸೆಯ ಮೇಲೆಯೇ ಬರೆದ ಪತ್ರವನ್ನು ಏನೆಂದು ಕರೆಯಬೇಕು? ಕಾಯಿದೆಯಲ್ಲಿ ಅದಕ್ಕೆ ಹೆಸರಿದೆಯೋ ಇಲ್ಲವೋ, ನಮ್ಮ ಊರಿನಲ್ಲಿ ಅದಕ್ಕೆ 'ಹೆದರಿಸಿ ತಿನ್ನುವುದು' ಎನ್ನುತ್ತಾರೆ.

ಹಾಗೆಂದು ಹೆಸರನ್ನು ಕಾಯುವುದೇ ಅನ್ಯಾಯವೆಂದು ನಾವು ಹೇಳುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಿಂದ ಬಂದ ಮೈಸೂರು ಸ್ಯಾಂಡಲ್ ಸಾಬೂನಿನ ಸುವಾಸನೆ ನಮ್ಮೆಲ್ಲರ ಬಾಲ್ಯದೊಂದಿಗೆ ಬೆರೆತಿದೆ. ಊರಿಂದ ಬರುವವರ ಪೆಟ್ಟಿಗೆಯಲ್ಲಿ ಅದರದೊಂದು ಡಬ್ಬಿ ಇದ್ದೇ ಇರುತ್ತಿತ್ತು. ಸಿಂಹದ ಮೈ, ಆನೆಯ ತಲೆಯ ಶರಭದ ಮುದ್ರೆಯನ್ನು ಓದು ಬಾರದವರೂ ಗುರುತಿಸುತ್ತಾರೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ತಯಾರಿಸುವ ಜಾಲ ಸಿಕ್ಕಿಬಿದ್ದ ಸುದ್ದಿ ಬಂದಾಗ ನಮ್ಮ ರಕ್ತ ಕುದಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ನಮ್ಮ ಸಾಬೂನಿಗೆ ಕುದಿಯುವ ರಕ್ತ ಅಮೆರಿಕದವನ ಬರ್ಗರಿಗೆ ಮಾತ್ರ ತಣ್ಣಗಿರಬೇಕೆಂದರೆ ಅದು ನ್ಯಾಯಬುದ್ಧಿಯಲ್ಲ, ಊರಭಿಮಾನ. ನಕಲಿ ಸಾಬೂನಿನವನಿಗೂ ಶೇಂಗಾ ಚಟ್ನಿಯ ಮುದುಕಿಗೂ ವ್ಯತ್ಯಾಸ ಎಲ್ಲಿದೆಯೆಂದರೆ, ಒಬ್ಬನು ಕೊಳ್ಳುವವನ ಕಣ್ಣಿಗೆ ಮಣ್ಣೆರಚಲೆಂದೇ ಹೊರಟವನು, ಇನ್ನೊಬ್ಬಳು ತನ್ನ ಪಾಡಿಗೆ ತಾನು ಕುಟ್ಟುತ್ತ ಕುಳಿತವಳು. ಇದನ್ನು ಕಂಡುಹಿಡಿಯಲು ಹನ್ನೊಂದು ಪುಟ ಬೇಡ. ಒಂದು ಸಲ ಬಂದು ಪುಡಿಯ ರುಚಿ ನೋಡಿಕೊಂಡು ಹೋದರೆ ಸಾಕು.

ನಮ್ಮವರೇ ದೊಡ್ಡವರ ಸ್ಥಾನದಲ್ಲಿ ನಿಂತದ್ದೂ ಉಂಟು. ಕರ್ನಾಟಕದ ಹಾಲು ಮಹಾಮಂಡಲಿಯ 'ನಂದಿನಿ' 1985ರದು. ಬೆಂಗಳೂರಿನ 'ನಂಧಿನಿ ಡೀಲಕ್ಸ್' ಹೋಟೆಲು 1989ರದು. ಹಾಲಿನವರು ಹೋಟೆಲಿನವರ ನೋಂದಣಿಯನ್ನು ವಿರೋಧಿಸಿದರು. 2018ರಲ್ಲಿ ಸುಪ್ರೀಂ ಕೋರ್ಟು, ನಂದಿನಿ ಪುರಾಣದ ಹಸು, ದೇವತೆಯ ಹೆಸರು, ಅದು ಯಾರೊಬ್ಬರ ಸೊತ್ತೂ ಅಲ್ಲ, ಹಾಲು ಬೇರೆ ಹೋಟೆಲು ಬೇರೆ, ಎಂದು ಇಬ್ಬರೂ ಇಟ್ಟುಕೊಳ್ಳಲು ಬಿಟ್ಟಿತು. ವಸಿಷ್ಠರ ಆಶ್ರಮದಿಂದ ಆ ಹಸುವನ್ನು ಬಲಾತ್ಕಾರದಿಂದ ಎಳೆದೊಯ್ಯಲು ಹೋಗಿ ವಿಶ್ವಾಮಿತ್ರನೇ ಸೋತಿದ್ದಾನೆ, ಇನ್ನು ಮಂಡಲಿಯ ಪಾಡೇನು? 'ಕೆ.ಎಸ್.ಆರ್.ಟಿ.ಸಿ.' ಎಂಬ ಅಕ್ಷರಗಳಿಗಾಗಿ ಕೇರಳ ಕರ್ನಾಟಕಗಳ ಬಸ್ಸಿನವರು ಹೊಡೆದಾಡಿದ್ದನ್ನೂ, 2023ರ ಡಿಸೆಂಬರಿನಲ್ಲಿ ಮದರಾಸು ಹೈಕೋರ್ಟು ಕೇರಳದವರ ಅರ್ಜಿಯನ್ನು ತಳ್ಳಿಹಾಕಿದ್ದನ್ನೂ ವಾಚಕರು ಮರೆತಿರಲಾರರು. ಬಸ್ಸು ಹತ್ತುವವನು ನೋಡುವುದು ಊರಿನ ಬೋರ್ಡನ್ನು, ಅಕ್ಷರಗಳನ್ನಲ್ಲ. ಆದರೂ ಹೊಡೆದಾಡಿದರು.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಹಳ್ಳಿಯ ಹೊಲದ ವ್ಯಾಜ್ಯಕ್ಕೆ ಹುಟ್ಟಿದ್ದು. ಕೋಟಿಗಟ್ಟಲೆ ಬಂಡವಾಳದ ಕಂಪೆನಿ ಗೆದ್ದರೂ ಸೋಲುವುದಿಲ್ಲ, ಸೋತರೂ ಸಾಯುವುದಿಲ್ಲ. ಅದಕ್ಕೆ ಇದು ಲೆಕ್ಕದ ಪುಸ್ತಕದ ಒಂದು ಸಾಲು. ಎದುರಿನ ಕುಟುಂಬಕ್ಕೆ ಇದೇ ಬದುಕು. ಮಟೂನಿನ 20 ಮೈಲಿಯಂಥ ಪಾಲುಪಟ್ಟಿ ಪುಣೆಯಲ್ಲಿಯೂ ಸಾಧ್ಯವಿಲ್ಲವೇ ಎಂದು ನಾವು ವಕೀಲ ಮಿತ್ರರನ್ನು ಕೇಳಿದೆವು. "ಸಾಧ್ಯವುಂಟು, ಆದರೆ ಅದಕ್ಕೆ ಮೊದಲು ಎರಡು ಕಡೆಯವರೂ ಒಂದೇ ಮೇಜಿಗೆ ಬಂದು ಕೂರಬೇಕಲ್ಲ" ಎಂದರು.

2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಮುಂಬಯಿ ಹೈಕೋರ್ಟಿನ ತಡೆಯಾಜ್ಞೆಗೇ ತಡೆ ಕೊಟ್ಟಿತು. ಪುಣೆಯವರಿಗೆ ಅಪೀಲು ನಡೆಯುವ ತನಕ ಹೆಸರು ಮರಳಿ ಬಂತು. ದಾವೆ ಹೂಡಿದ ವರ್ಷ ಹುಟ್ಟಿದ ಮಗು ಆ ಹೊತ್ತಿಗೆ ಎಂಟನೆಯ ತರಗತಿಯಲ್ಲಿ ಓದುತ್ತಿದ್ದೀತು. ಬರ್ಗರ್ ಬೇಕೆಂದು ಹಟ ಹಿಡಿಯುವ ವಯಸ್ಸು.